‘ಕೊಚ್ಚಿಹೋಯಿತು’ ಅಂತ ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ‘ರನ್ ಹೊಳೆಯಲ್ಲಿ ಕೊಚ್ಚಿಹೋದ ಆತಿಥೇಯರು’ ಅಂತ ದಪ್ಪಕ್ಷರದ ತಲೆಬರಹ ಇತ್ತು. ಅದೇ ದಿನ ಜಿಲ್ಲಾ ಪುಟದ ಕೆಳಗೆ, ನಾಲ್ಕೇ ಸಾಲಿನಲ್ಲಿ, ಹಳ್ಳ ದಾಟಲು ಹೋಗಿ ಕೊಚ್ಚಿಹೋದ ಒಬ್ಬ ಕೂಲಿ ಕಾರ್ಮಿಕರ ಸುದ್ದಿ. ಎರಡೂ ಕಡೆ ಒಂದೇ ಕ್ರಿಯಾಪದ. ಪೇಪರ್ ಮಡಚಿಟ್ಟ ಮೇಲೂ ಅದು ನನ್ನ ತಲೆಯಿಂದ ಹೋಗಲಿಲ್ಲ. ಹಾಗಾಗಿ ಈ ಪತ್ರ.

ನಾನು ಮಡಿಕೇರಿ ತಾಲ್ಲೂಕಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ‘ಸ್ವಂತ ವಾಕ್ಯದಲ್ಲಿ ಬಳಸಿರಿ’ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಪದಗಳ ಒಂದು ಪಟ್ಟಿಯೇ ಇತ್ತು. ಅದರಲ್ಲಿ ‘ಕೊಚ್ಚಿಹೋಗು’ ಪ್ರತಿ ವರ್ಷವೂ ಇರುತ್ತಿತ್ತು. ಮಕ್ಕಳು ಹೆಚ್ಚಾಗಿ ಕಾಗದದ ದೋಣಿ ಕೊಚ್ಚಿಹೋಯಿತು ಅಂತಲೋ, ಚಪ್ಪಲಿ ಕೊಚ್ಚಿಹೋಯಿತು ಅಂತಲೋ ಬರೆಯುತ್ತಿದ್ದರು. ಮಳೆಯ ಊರಿನ ಮಕ್ಕಳಲ್ವಾ, ಆ ಪದ ಅವರಿಗೆ ಕಷ್ಟವೇ ಆಗುತ್ತಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು, ಕಾಲೂರು ಕಡೆ ಗುಡ್ಡಗಳು ಜರಿದವು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಶಾಲೆ ಮತ್ತೆ ಶುರುವಾದಾಗ ನಾನು ಯೋಚನೆಯೇ ಮಾಡದೆ ಅದೇ ಹಳೇ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದೆ. ಸಂಜೆ ಮನೆಯಲ್ಲಿ ಕೂತು ನೋಟ್‌ಬುಕ್ ತಿದ್ದುತ್ತಿದ್ದೆ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: ‘ನಮ್ಮ ಮನೆ ಕೊಚ್ಚಿ ಓಯಿತು. ಬಾಗಿಲು ಸಿಕ್ಕಿತು.’

ನಾನು ಕೆಂಪು ಪೆನ್ನಿನಿಂದ ‘ಓ’ ಹೊಡೆದು ‘ಹೋ’ ಅಂತ ತಿದ್ದಿದೆ. ಹೌದು, ಮೊದಲು ನನ್ನ ಕಣ್ಣಿಗೆ ಬಿದ್ದಿದ್ದು ಕಾಗುಣಿತ. ತಿದ್ದಿ ಹಾಳೆ ಮಗುಚಿದ ಮೇಲೆ ವಾಕ್ಯ ಅರ್ಥವಾಯಿತು. ಮತ್ತೆ ಹಿಂದಿನ ಹಾಳೆಗೆ ಬಂದೆ. ಆ ಕೆಂಪು ಗೀಟನ್ನು ಅಳಿಸೋಕೆ ಆಗುತ್ತದೆಯೇ?

ಮರುದಿನ ಅವಳನ್ನು ಪಕ್ಕಕ್ಕೆ ಕರೆದು ಬಾಗಿಲಿನ ವಿಷಯ ಕೇಳಿದೆ. ‘ಕೆಳಗಿನ ಗದ್ದೆಯಲ್ಲಿ ಸಿಕ್ಕಿತು ಟೀಚರ್. ಬೀಗ ಹಾಕಿದ ಹಾಗೇ ಇತ್ತು’ ಅಂದಳು. ಮಳೆ ಜೋರಾದಾಗ ಅವಳ ಅಮ್ಮ ಮನೆಗೆ ಬೀಗ ಹಾಕಿ ಮಕ್ಕಳನ್ನು ಕರೆದುಕೊಂಡು ಮೇಲಿನ ರಸ್ತೆಗೆ ಬಂದಿದ್ದರಂತೆ. ಭಾನುವಾರ ಪರಿಹಾರ ಕೇಂದ್ರಕ್ಕೆ ಹೋಗಿ ಆ ತಾಯಿಯನ್ನು ನೋಡಿದೆ. ಬೀಗದ ಕೈ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದರು. ನನ್ನ ಜೊತೆ ಮಾತಾಡುವಷ್ಟು ಹೊತ್ತೂ ಆ ಗಂಟನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದರು.

ಅಲ್ಲಿ ಯಾರೂ ಜೋರಾಗಿ ಅಳುತ್ತಿರಲಿಲ್ಲ. ಇದನ್ನು ನಿಮ್ಮ ವರದಿಗಾರರಿಗೆ ಹೇಳಲೇಬೇಕು. ಪೇಪರ್‌ನಲ್ಲಿ ಸಾವಿನ ಸುದ್ದಿ ಬಂದಾಗಲೆಲ್ಲ ‘ಕುಟುಂಬಸ್ಥರ ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ ಇರುತ್ತದೆ. ನಾನು ಕಂಡ ಹಾಲ್‌ನಲ್ಲಿ ಜನ ಗೋಡೆಗೆ ಒರಗಿ ಸುಮ್ನೆ ಕೂತಿದ್ದರು. ಯಾರೋ ತಂದುಕೊಟ್ಟ ಹೊಸ ಚಾಪೆಯ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಕಂಡದ್ದನ್ನು ಬರೆದರೆ ಸಾಕು, ಮುಗಿಲು ಬೇಕಾಗಿಲ್ಲ.

ಈಗ ಪದಕ್ಕೆ ಬರುತ್ತೇನೆ. ‘ಕೊಚ್ಚು’ ಅಂದರೆ ತುಂಡು ತುಂಡು ಮಾಡು. ಮಚ್ಚಿನಿಂದ ಕೊಚ್ಚುವುದೂ ಅದೇ, ಸೊಪ್ಪು ಕೊಚ್ಚುವುದೂ ಅದೇ. ಬಡಾಯಿ ಕೊಚ್ಚಿಕೊಳ್ಳುವುದಕ್ಕೂ ಅದೇ ಪದ. ಒಂದು ಪದಕ್ಕೆ ನಾಲ್ಕಾರು ಕೆಲಸ ಇರುತ್ತದೆ, ಅದು ತಪ್ಪಲ್ಲ, ಅಲಂಕಾರ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಆದರೆ ನೀರು, ಮಣ್ಣು ಬಂದು ಮನೆ, ಜನ, ದನ ಎಲ್ಲವನ್ನೂ ಎತ್ತಿಕೊಂಡು ಹೋಗುವುದಕ್ಕೆ ಕನ್ನಡದಲ್ಲಿ ಇಷ್ಟು ತೂಕದ ಇನ್ನೊಂದು ಮಾತು ನನಗೆ ಹೊಳೆಯುತ್ತಿಲ್ಲ. ಚುನಾವಣೆ ಬಂದರೆ ‘ಅಲೆಯಲ್ಲಿ ಕೊಚ್ಚಿಹೋದ ಘಟಾನುಘಟಿಗಳು’, ಷೇರುಪೇಟೆ ಬಿದ್ದರೆ ಹೂಡಿಕೆದಾರರ ದುಡ್ಡು ಕೊಚ್ಚಿಹೋಯಿತು. ಈರುಳ್ಳಿಗೆ ಹತ್ತು ರೂಪಾಯಿ ಜಾಸ್ತಿಯಾದರೆ ಗ್ರಾಹಕ ‘ತತ್ತರಿಸುತ್ತಾನೆ’. ಹೀಗೆ ದಿನಾ ಖರ್ಚು ಮಾಡಿದರೆ, ನಿಜವಾಗಿ ಕೊಚ್ಚಿಹೋದ ದಿನ ಏನಂತ ಬರೆಯುತ್ತೀರಿ?

ಆ ದಿನ ಬಂದೇ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿ ಗಂಗಾವಳಿ ನದಿ ಪಾಲಾದವು. ಲಾರಿ ನದಿಯಲ್ಲಿ ಪತ್ತೆಯಾಗಲು ಸೆಪ್ಟೆಂಬರ್ 25 ಆಯಿತು. ಶಿರೂರಿನ ಗುಡ್ಡ ಕುಸಿದ ಎರಡೇ ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ನಮ್ಮ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಅಲ್ಲಿಯ ಶವಗಳು ಚಾಲಿಯಾರ್ ಹೊಳೆಯಲ್ಲಿ ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನ ತನಕ ತೇಲಿಹೋಗಿ ಸಿಕ್ಕಿದವು. ಆ ಪದ ಇರುವುದು ಇಂಥದ್ದಕ್ಕೆ.

ಇನ್ನೂ ಒಂದು ಮಾತಿದೆ, ಸ್ವಲ್ಪ ವ್ಯಾಕರಣದ್ದು. ‘ಹೊಳೆ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು’ ಅಂದಾಗ ಹೊಳೆ ಕಾಣುತ್ತದೆ. ‘ಸೇತುವೆ ಕೊಚ್ಚಿಹೋಯಿತು’ ಅಂದರೆ ಸೇತುವೆಯೇ ಎದ್ದು ನಡೆದ ಹಾಗೆ. ಯಾರು ಕಟ್ಟಿದ್ದು, ಎಷ್ಟು ವರ್ಷ ಆಗಿತ್ತು, ಮೇಲಿನ ಗುಡ್ಡವನ್ನು ಯಾರು ಕಡಿದರು, ಇದ್ಯಾವುದೂ ಆ ವಾಕ್ಯದಲ್ಲಿ ಇಲ್ಲ. ಶಿರೂರಿನಲ್ಲಿ ಜರಿದಿದ್ದು ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡ. ನಮ್ಮ ಕಡೆ ‘ಬರೆ ಜರಿಯಿತು’ ಅಂತಾರೆ, ಬರೆ ಅಂದರೆ ಕಡಿದಾದ ಮಣ್ಣಿನ ಇಳಿಜಾರು. ಬರೆ ಎಲ್ಲಿ ಜರಿಯಿತು ಅಂತ ಕೇಳಿದರೆ ಹಳಬರು ‘ರಸ್ತೆಗೆ ಅಂತ ಮಣ್ಣು ತೆಗೆದಿದ್ದರಲ್ಲ, ಅಲ್ಲಿ’, ‘ಮನೆ ಕಟ್ಟೋಕೆ ಅಂತ ಜೆಸಿಬಿಯಲ್ಲಿ ಸಮ ಮಾಡಿದ್ದರಲ್ಲ, ಅಲ್ಲಿ’ ಅಂತ ಜಾಗ ಸಮೇತ ಹೇಳುತ್ತಾರೆ. ವರದಿಯಲ್ಲೂ ಅಷ್ಟು ಬಂದರೆ ಓದುವವರಿಗೆ ಎಷ್ಟೋ ತಿಳಿಯುತ್ತದೆ. ‘ಪ್ರಕೃತಿಯ ಮುನಿಸು’ ಅಂತ ಬರೆದು ಮುಗಿಸಬೇಡಿ, ದಯವಿಟ್ಟು.

ನಿಮ್ಮ ಡೆಸ್ಕಿನಲ್ಲಿ ರಾತ್ರಿ ಹನ್ನೊಂದಕ್ಕೆ ತಲೆಬರಹ ಕೊಡುವವರಿಗೆ ಎಷ್ಟು ಅವಸರ ಇರುತ್ತದೆ ಅಂತ ನನಗೆ ಅಂದಾಜಿದೆ. ಕೈಗೆ ಮೊದಲು ಸಿಗುವುದು ದೊಡ್ಡ ಪದವೇ. ಆದರೆ ನನ್ನ ಹಾಗೆ ಪೇಪರ್ ಓದಿಯೇ ಕನ್ನಡ ಕಲಿಸುವ ಟೀಚರ್‌ಗಳು ಇನ್ನೂ ಇದ್ದಾರೆ, ಮಕ್ಕಳು ನಿಮ್ಮ ತಲೆಬರಹಗಳನ್ನೇ ನೋಡಿ ವಾಕ್ಯ ಮಾಡುತ್ತಾರೆ. ಕ್ರಿಕೆಟ್‌ಗೆ ‘ಸೋತರು’ ಅಂತಲೇ ಬರೆಯಿರಿ. ತುಂಬಾ ಕೆಟ್ಟದಾಗಿ ಸೋತಿದ್ದರೆ ‘ಹೀನಾಯವಾಗಿ ಸೋತರು’ ಅನ್ನಿ. ಹಳ್ಳ ದಾಟುವಾಗ ಹೋದ ಆ ಕಾರ್ಮಿಕರ ಸುದ್ದಿಯಲ್ಲಿ ಅವರ ವಯಸ್ಸು, ಊರು ಎರಡೂ ಇರಲಿಲ್ಲ. ಆ ಹಳ್ಳಕ್ಕೆ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಇತ್ತೋ ಇಲ್ಲವೋ ಅನ್ನುವುದೂ ಇರಲಿಲ್ಲ. ಸಾಧ್ಯವಾದರೆ ಅದನ್ನು ವಿಚಾರಿಸಿ ಇನ್ನೊಮ್ಮೆ ಬರೆಸಿ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ, ಮಡಿಕೇರಿ