ಮಸಾಲೆ ಬೀಳುವ ಮೊದಲೇ ಬೆಕ್ಕಿನ ಪಾಲು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲಿ ಬೀಫ್ ರೋಸ್ಟ್ ಮಾಡುವ ಬಗೆಯನ್ನು ವಿವರವಾಗಿ ಪ್ರಕಟಿಸಿದ್ದೀರಿ. ಗಡಿನಾಡಿನ ಕನ್ನಡಿಗರ ಒಲೆಗಳ ಮೇಲೆ ಏನೆಲ್ಲ ಬೇಯುತ್ತದೆ ಎಂಬುದನ್ನು ಸಂಕೋಚವಿಲ್ಲದೆ ಬರೆದದ್ದಕ್ಕೆ ಮೊದಲಿಗೆ ನನ್ನ ಕೃತಜ್ಞತೆ. ಆದರೆ ಆ ಬರಹದ ಕೊನೆಯಲ್ಲಿ, ಬಾಣಲೆಯ ತಳದಲ್ಲಿ ಉಳಿದ ನೀರುಳ್ಳಿ ಮಸಾಲೆಯನ್ನೂ ಎಲುಬುಗಳನ್ನೂ ಅನ್ನಕ್ಕೆ ಕಲಸಿ ಮನೆಯ ಬೆಕ್ಕಿಗೆ ಹಾಕಿದರೆ ಏನೂ ಹಾಳಾಗುವುದಿಲ್ಲ ಎಂಬ ಒಂದು ವಾಕ್ಯವಿತ್ತು. ಆ ವಾಕ್ಯಕ್ಕಾಗಿಯೇ ಈ ಪತ್ರ. ಬರೆದವರನ್ನು ದೂರುವ ಉದ್ದೇಶ ನನಗಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯರ ಕಾಲದಿಂದ ನಡೆದುಬಂದ ರೂಢಿ, ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದವಳು, ಮತ್ತು ಅದರಿಂದಲೇ ಒಂದು ಬೆಕ್ಕನ್ನು ಕಳೆದುಕೊಂಡವಳು.

ನಾನು ಬೇಳದವಳು, ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ತೋಟದ ಕೆಲಸದವರ ಜೊತೆ ತುಳು, ಕುಂಬಳೆಯ ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮನೆಯಲ್ಲಿ ಬೆಕ್ಕು ಮಾಜರ್ ಎಂದರೂ ಪುಚ್ಚೆ ಎಂದರೂ ಪೂಚ್ಚ ಎಂದರೂ ತಿರುಗಿ ನೋಡುತ್ತದೆ. ಹಂಚಿನ ಮನೆ, ಅಟ್ಟದ ಮೇಲೆ ಅಡಿಕೆ, ಹಿಂದಿನ ಕೊಟ್ಟಿಗೆಯಲ್ಲಿ ತೆಂಗಿನಕಾಯಿಯ ರಾಶಿ ಇರುವಲ್ಲಿ ಇಲಿ ಬಾರದಿರದು. ಮಳೆಗಾಲದಲ್ಲಿ ಇಲಿಜ್ವರದ ಭಯವಿರುವ ಜಿಲ್ಲೆಯಲ್ಲಿ ಬೆಕ್ಕಿಲ್ಲದ ಅಡುಗೆಮನೆಯನ್ನು ನನ್ನ ತಾಯಿ ಊಹಿಸಿಕೊಂಡವರೇ ಅಲ್ಲ, ನಾನೂ ಅಲ್ಲ.

ಪುರವಣಿಯಲ್ಲಿ ಹೇಳಿದ್ದು ತೆಂಗಿನಕಾಯಿಯ ಚೂರು, ಬಡೇಸೋಂಪು, ಕರಿಬೇವು ಹಾಕಿ ಸಣ್ಣ ತುಂಡುಗಳನ್ನು ತೆಂಗಿನೆಣ್ಣೆಯಲ್ಲಿ ಕಪ್ಪಗಾಗುವವರೆಗೆ ಹುರಿಯುವ ಮಲಯಾಳದ ಬಗೆ. ಅದರ ರುಚಿಯನ್ನು ಅಲ್ಲಗಳೆಯಲಾರೆ. ಆದರೆ ತಾಯಿಯಿಂದ ನನಗೆ ಬಂದದ್ದು ಇಡೀ ತುಂಡಿನ ರೋಸ್ಟ್, ಅದನ್ನು ಕುರಿತು ನಾಲ್ಕು ಮಾತು ಹೇಳಬೇಕು, ಏಕೆಂದರೆ ಬೆಕ್ಕಿನ ಪಾಲನ್ನು ಯಾವ ಹಂತದಲ್ಲಿ ಎತ್ತಿಡಬೇಕೆಂಬುದು ಈ ಅಡುಗೆಯ ಕ್ರಮದಲ್ಲೇ ಇದೆ. ಕೋಣದ ಭುಜದ ಭಾಗದಿಂದ ಒಂದೂವರೆ ಕಿಲೋದಷ್ಟು ಎಲುಬಿಲ್ಲದ ಒಂದೇ ತುಂಡನ್ನು ತಂದು, ಹಿಂದಿನ ರಾತ್ರಿಯೇ ಅಲ್ಲಲ್ಲಿ ಚುಚ್ಚಿ, ಉಪ್ಪು, ಜಜ್ಜಿದ ಒಳ್ಳೆಮೆಣಸು, ಬೆಳ್ಳುಳ್ಳಿ, ಶುಂಠಿ, ಎರಡು ಚಮಚ ವಿನೆಗರ್ ಸವರಿ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಇಗರ್ಜಿಯ ಬಲಿಪೂಜೆಯಿಂದ ಬಂದ ಮೇಲೆ ಮೊದಲು ಮಾಡುವ ಕೆಲಸ ಶುಭ್ರವಾದ ಬಟ್ಟೆಯಿಂದ ಅದರ ಮೈಯನ್ನು ಒತ್ತಿ ಒತ್ತಿ ಒರೆಸುವುದು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮೈ ಒದ್ದೆಯಾಗಿದ್ದರೆ ಆ ನೀರು ಆವಿಯಾಗುವ ತನಕ ಮಾಂಸದ ಹೊರಮೈ 100 ಡಿಗ್ರಿ ದಾಟುವುದಿಲ್ಲ, ಅಲ್ಲಿಯವರೆಗೆ ಅದು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ವಿವರಿಸಿದ, ಮಾಂಸದ ಸಾರಜನಕಾಂಶವೂ ಸಕ್ಕರೆಯಂಶವೂ ಕೂಡಿ ಆ ಕಂದು ಬಣ್ಣ, ಆ ಘಮ ಹುಟ್ಟುವ ಕ್ರಿಯೆ ಸುಮಾರು 140 ಡಿಗ್ರಿಯ ಮೇಲೆಯೇ ಚುರುಕಾಗುವುದು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ತುಂಡನ್ನಿಟ್ಟು, ಪ್ರತಿಯೊಂದು ಮಗ್ಗುಲನ್ನೂ ಅವಸರಪಡದೆ ಕೆಂಪಗೆ ಮಾಡಿ, ಆಮೇಲೆ ಸೀಳಿದ ನೀರುಳ್ಳಿ, ಚಕ್ಕೆ, ಲವಂಗ, ಅರ್ಧ ಕುಡ್ತೆ ಬಿಸಿನೀರು ಹಾಕಿ ಮುಚ್ಚಿ, ಕರಟದ ಕೆಂಡದ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಬೇಕು. ದುಡಿದ ಭುಜದ ಮಾಂಸದಲ್ಲಿ ಬಿಗಿಯಾದ ನಾರಿನ ಅಂಶ ಹೆಚ್ಚು. ಅದು ಕರಗಿ ಅಂಟಾದ ರಸವಾಗಲು ಶಾಖ ಎಷ್ಟು ಬೇಕೋ ಸಮಯವೂ ಅಷ್ಟೇ ಬೇಕು. ಕುಕ್ಕರಿನಲ್ಲಿ ಒಂದು ಗಂಟೆಯೊಳಗೆ ಮೆತ್ತಗಾಗುತ್ತದೆ ನಿಜ, ಆದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಚೂರಿಯಿಂದ ಹಾಳೆಯಂತೆ ಕೊಯ್ಯಲು ಸಿಗುವುದಿಲ್ಲ. ಕೊನೆಗೆ ಅದೇ ರಸದಲ್ಲಿ ಬಟಾಟೆ ಕೆಂಪಗೆ ಮಾಡಿ, ರೋಸ್ಟನ್ನು ಇಪ್ಪತ್ತು ನಿಮಿಷ ಹಾಗೆಯೇ ವಿಶ್ರಾಂತಿಗೆ ಬಿಟ್ಟು ಕೊಯ್ದರೆ ರಸ ಹಲಗೆಗೆ ಹರಿಯದೆ ಮಾಂಸದಲ್ಲೇ ನಿಲ್ಲುತ್ತದೆ.

ಬೆಕ್ಕಿನ ಪಾಲನ್ನು ಎತ್ತಿಡಬೇಕಾದದ್ದು ಹಿಂದಿನ ರಾತ್ರಿ, ಉಪ್ಪು, ಬೆಳ್ಳುಳ್ಳಿ ಮುಟ್ಟಿಸುವ ಮೊದಲು. ತುಂಡಿನ ಅಂಚನ್ನು ಚೊಕ್ಕ ಮಾಡುವಾಗ ಕೊಬ್ಬಿಲ್ಲದ ಕೆಂಪು ಮಾಂಸದ ನಾಲ್ಕು ಚೂರು ಸಿಕ್ಕೇ ಸಿಗುತ್ತವೆ. ಅವನ್ನು ಬೇರೆಯದೇ ಸಣ್ಣ ಪಾತ್ರೆಯಲ್ಲಿ, ಏನೂ ಹಾಕದೆ, ಬರೀ ನೀರಿನಲ್ಲಿ ಬೇಯಿಸಿ, ಆರಿಸಿ, ಉಗುರಿನಷ್ಟು ಚೂರು ಮಾಡಿ, ಬೆಂದ ನೀರನ್ನು ಚೆಲ್ಲದೆ ಅದರ ಜೊತೆಗೇ ಕೊಡಬೇಕು. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ನಾನು ಇದನ್ನು ಕಲಿತದ್ದು ತಡವಾಗಿ. 13 ವರ್ಷಗಳ ಹಿಂದಿನ ಕ್ರಿಸ್ಮಸ್ಸಿನಲ್ಲಿ ಮನೆ ತುಂಬ ನೆಂಟರು. ಎರಡು ದೊಡ್ಡ ರೋಸ್ಟ್ ಮಾಡಿದ್ದೆ, ತಳದ ನೀರುಳ್ಳಿ ಮಸಾಲೆ ಧಾರಾಳವಾಗಿ ಉಳಿದಿತ್ತು. ಮೂರು ದಿನ ನಮ್ಮ ಬೂದು ಬಣ್ಣದ ಹೆಣ್ಣು ಬೆಕ್ಕಿಗೆ ಅದನ್ನೇ ಅನ್ನಕ್ಕೆ ಕಲಸಿ ಹಾಕಿದೆ. ಅದು ಆಸೆಯಿಂದ ತಿಂದಿತು, ನಾನು ಸಂತೋಷಪಟ್ಟೆ. ಐದನೆಯ ದಿನ ಅದು ಒಲೆಯ ಬದಿಯಿಂದ ಏಳಲಿಲ್ಲ. ಬಾಯಿ ತೆರೆದು ನೋಡಿದರೆ ಒಸಡು ಬಿಳಿ ಕಾಗದದ ಹಾಗೆ; ಮಲಗಿದ್ದ ಗೋಣಿಯ ಮೇಲೆ ಮೂತ್ರದ ಕಲೆ ಕಾಫಿಯ ಬಣ್ಣದ್ದು. ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿ ಓಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ನೀರುಳ್ಳಿ ತಿಂದಿದೆಯೇ ಎಂದು. ಏಳನೆಯ ದಿನ ಅದು ತೀರಿಕೊಂಡಿತು. ನನ್ನ ಕೈಯಿಂದಲೇ ಹಾಕಿದ ಅನ್ನ ಎಂಬುದನ್ನು ಇಂದಿಗೂ ಮರೆಯಲಾಗಿಲ್ಲ.

ವೈದ್ಯರು ಅಂದು ವಿವರಿಸಿದ್ದನ್ನು, ಆಮೇಲೆ ನಾನೇ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ನೀರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ, ಕೆಟ್ಟ ಕಣಗಳು ಒಡೆದು ರಕ್ತಹೀನತೆ ಉಂಟಾಗುತ್ತದೆ. ಬೆಕ್ಕಿನ ದೇಹತೂಕದ ಪ್ರತಿ ಕಿಲೋಗೆ 5 ಗ್ರಾಂ ನೀರುಳ್ಳಿಯೇ ಈ ಹಾನಿಗೆ ಸಾಕಾಗಬಹುದು. ಅಂದರೆ ಮೂರು ಕಿಲೋದ ಬೆಕ್ಕಿಗೆ 15 ಗ್ರಾಂ, ಒಂದು ಸಾಧಾರಣ ನೀರುಳ್ಳಿಯ ಕಾಲುಭಾಗವೂ ಅಲ್ಲ. ಬೆಳ್ಳುಳ್ಳಿ ಅದಕ್ಕಿಂತಲೂ ತೀಕ್ಷ್ಣ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ, ಮತ್ತು ತಿಂದ ಕೂಡಲೇ ಏನೂ ಕಾಣಿಸದೆ ಕೆಲವು ದಿನಗಳ ನಂತರ ಲಕ್ಷಣಗಳು ತೋರುವುದರಿಂದ, ಊಟಕ್ಕೂ ರೋಗಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ನಮ್ಮ ಕಡೆ ಎಷ್ಟು ಬೆಕ್ಕುಗಳು ವಿಷು, ಕ್ರಿಸ್ಮಸ್, ಪೆರ್ನಾಲುಗಳ ಮರುವಾರದಲ್ಲಿ ಕಾರಣ ತಿಳಿಯದೆ ಸತ್ತಿರಬಹುದೋ ಎಂದು ನನಗೆ ಅನ್ನಿಸುತ್ತದೆ. ಎಲುಬಿನ ಮಾತು ಚಿಕ್ಕದು: ಬೆಂದ ಎಲುಬು ಮೊನಚಾಗಿ ಸೀಳಿ ಗಂಟಲಲ್ಲೋ ಕರುಳಲ್ಲೋ ನಾಟುತ್ತದೆ, ಆದ್ದರಿಂದ ಬೇಡ.

ಬೇಲಿಯಾಚೆಯ ಮನೆಯವರು ಸಸ್ಯಾಹಾರಿಗಳು. ಅವರ ಬೆಕ್ಕಿಗೆ ಮನೆಯಲ್ಲಿ ಸಿಗುವುದು ಹಾಲು-ಅನ್ನ, ಮಜ್ಜಿಗೆ-ಅನ್ನ. ಭಾನುವಾರ ಮಾತ್ರ ಅದು ತಪ್ಪದೆ ನಮ್ಮ ಅಡುಗೆಮನೆಯ ಹೊಸ್ತಿಲಿನಲ್ಲಿ ಕುಳಿತಿರುತ್ತದೆ. ಮೊದಲಮೊದಲು ನನಗೆ ಅಳುಕಿತ್ತು, ಅವರ ಮನೆಯ ಬೆಕ್ಕಿಗೆ ನಾನು ಈ ಮಾಂಸ ಹಾಕುವುದು ಸರಿಯೇ ಎಂದು. ನೇರವಾಗಿ ಹೋಗಿ ಕೇಳಿದೆ. ಆ ಮನೆಯ ಹಿರಿಯ ಹೆಂಗಸು, ಇಲಿ ಹಿಡಿದು ತಿನ್ನುವ ಪ್ರಾಣಿಗೆ ನಮ್ಮ ನೇಮ ಹೇಳಲಾಗುತ್ತದೆಯೇ ಎಂದರು. ಈಗ ಭಾನುವಾರ ಸಂಜೆ ಬೇಲಿಯ ಬಳಿ ನಿಂತು, ಇವತ್ತು ಪುಚ್ಚೆಗೆ ನಿಮ್ಮಲ್ಲಿ ಊಟವಾಯಿತೇ ಎಂದು ಅವರೇ ವಿಚಾರಿಸುತ್ತಾರೆ. ಅವರ ಮಾತು ಶಾಸ್ತ್ರಕ್ಕೂ ಸರಿಯಾದದ್ದು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದನ್ನು ಅದು ಸಾಕಷ್ಟು ತಾನೇ ತಯಾರಿಸಿಕೊಳ್ಳಲಾರದು, ಧಾನ್ಯದಲ್ಲಿ ಅದಿಲ್ಲ, ಮಾಂಸ ಮೀನುಗಳಲ್ಲಿದೆ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂಬುದರಲ್ಲಿ ಹೃದಯದ ಸಂಗತಿಯನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ತೋಟದಲ್ಲಿ ತಿರುಗಾಡುವ ಬೆಕ್ಕು ಇಲಿ, ಹಲ್ಲಿ, ಮಿಡತೆಗಳಿಂದ ಅದನ್ನು ಪಡೆಯುತ್ತದೆ. ಕಾಸರಗೋಡು ಪೇಟೆಯ ಫ್ಲ್ಯಾಟುಗಳೊಳಗೆ ಬರೀ ಮೊಸರನ್ನದಲ್ಲಿ ಬೆಳೆಯುವ ಬೆಕ್ಕಿಗೆ ಆ ದಾರಿಯೂ ಇಲ್ಲ. ಈ ಟಾರಿನ್ ಬೇಯಿಸಿದ ನೀರಿಗೆ ಇಳಿದುಬಿಡುವುದರಿಂದಲೇ ಆ ನೀರನ್ನು ಚೆಲ್ಲಬಾರದೆಂದು ಮೇಲೆ ಹೇಳಿದ್ದು.

ಬೆಕ್ಕು ಅಡುಗೆಮನೆಯಲ್ಲಿದ್ದರೆ ಅಶುದ್ಧ ಎನ್ನುವವರಿಗೂ ಉತ್ತರ ಹೇಳಬೇಕು. ನಮ್ಮ ಸಂಬಂಧದ ಹುಡುಗಿಯೊಬ್ಬಳು ಬಸುರಿಯಾದಾಗ ಮನೆಯ ಬೆಕ್ಕನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟುಬರಬೇಕೆಂದು ಹಿರಿಯರು ಹಟ ಹಿಡಿದಿದ್ದರು. ಭಯ ನಿರಾಧಾರವಲ್ಲ: ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದ ಮೂಲಕ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಆದರೆ ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಒಂದರಿಂದ ಮೂರು ವಾರಗಳಷ್ಟು ಕಾಲ ಮಾತ್ರ ಅದನ್ನು ಹೊರಹಾಕುತ್ತದೆ, ಹೊರಬಿದ್ದದ್ದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಆದ್ದರಿಂದ ಮನೆಯ ಬೇರೆಯವರು ಪ್ರತಿದಿನ ಅದನ್ನು ತೆಗೆದು ಚೊಕ್ಕ ಮಾಡಿದರೆ, ಬಸುರಿ ಹೆಂಗಸು ಆ ಕೆಲಸಕ್ಕೂ ತೋಟದ ಮಣ್ಣಿಗೂ ಬರಿಗೈ ಹಾಕದಿದ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಅದೇ ರೋಗ ಸರಿಯಾಗಿ ಬೇಯದ ಮಾಂಸದಿಂದಲೂ ಬರುತ್ತದೆಂಬುದನ್ನು ಆ ಹಿರಿಯರು ಯೋಚಿಸಿರಲಿಲ್ಲ. ಮಾಂಸದ ನಡುಭಾಗ 67 ಡಿಗ್ರಿ ಮುಟ್ಟಿದರೆ ಆ ಜೀವಿ ಸಾಯುತ್ತದೆ; ಮೂರು ಗಂಟೆ ಬೆಂದ ನಮ್ಮ ರೋಸ್ಟಿನಲ್ಲಿ ಅದರ ಭಯವಿಲ್ಲ, ಹಸಿ ಮಾಂಸ ಕೊಯ್ದ ಹಲಗೆಯನ್ನೂ ಚೂರಿಯನ್ನೂ ಸಾಬೂನಿನಲ್ಲಿ ತೊಳೆಯದೆ ಅದರಲ್ಲೇ ಮುಳ್ಳುಸೌತೆ ಹೆಚ್ಚುವುದರಲ್ಲಿ ಇದೆ. ಬೆಕ್ಕಿಗೂ ಹಸಿ ಮಾಂಸ ಕೊಡಬಾರದೆನ್ನುವುದು ಇದೇ ಕಾರಣಕ್ಕೆ.

ರೋಸ್ಟ್ ವಿಶ್ರಾಂತಿಯಲ್ಲಿರುವ ಆ ಇಪ್ಪತ್ತು ನಿಮಿಷಗಳೇ ಬೆಕ್ಕಿರುವ ಮನೆಯಲ್ಲಿ ಪರೀಕ್ಷೆಯ ಕಾಲ. ಹಿಂದೆ ಹಾಲಿನ ಗಡಿಗೆಯನ್ನು ತೂಗುಹಾಕಲು ಸಿಕ್ಕ ಇರುತ್ತಿತ್ತು, ಸಾರು ಪದಾರ್ಥಗಳಿಗೆ ಜಾಲಿಯ ಕಪಾಟು ಇರುತ್ತಿತ್ತು. ಹೊಸ ಮನೆ ಕಟ್ಟುವಾಗ ಎರಡನ್ನೂ ಬಿಟ್ಟು ಗ್ರಾನೈಟಿನ ಕಟ್ಟೆ ಮಾಡಿಸಿ, ಆಮೇಲೆ ಬೆಕ್ಕು ಕಟ್ಟೆ ಹತ್ತುತ್ತದೆಂದು ಬೈಯುವುದು ನ್ಯಾಯವಲ್ಲ. ಭಾರದ ಮುಚ್ಚಳವಿರುವ ಪಾತ್ರೆಯಾದರೂ ಬೇಕು. ಕಟ್ಟೆಯನ್ನೂ ನೆಲವನ್ನೂ ಫಿನಾಯಿಲಿನಿಂದ ಒರೆಸುವ ರೂಢಿಯಂತೂ ಬೆಕ್ಕಿಗೆ ನೇರವಾದ ವಿಷ: ಅಂಥ ದ್ರಾವಣಗಳ ಫಿನಾಲ್ ಅಂಶವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಒದ್ದೆ ನೆಲದಲ್ಲಿ ನಡೆದ ಪಾದವನ್ನು ಅದು ನೆಕ್ಕದೆ ಬಿಡುವುದಿಲ್ಲ. ಬಿಸಿನೀರು, ಸಾಬೂನು ಸಾಕು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಇದೇ ರೀತಿ ಅದರ ಪ್ರಾಣ ತೆಗೆಯುತ್ತದೆ, ದಯವಿಟ್ಟು ಯಾರೂ ಅರ್ಧ ಮಾತ್ರೆಯನ್ನೂ ಕೊಡಬಾರದು.

ತಮ್ಮಲ್ಲಿ ನನ್ನ ವಿನಂತಿ ಎರಡು. ಬರುವ ಭಾನುವಾರದ ಪುರವಣಿಯಲ್ಲಿ, ಅಡುಗೆಯ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ನೀರುಳ್ಳಿ ಬೆಳ್ಳುಳ್ಳಿ ಬಿದ್ದ ಮಸಾಲೆಯನ್ನೂ ಬೆಂದ ಎಲುಬನ್ನೂ ಬೆಕ್ಕಿಗೆ ಕೊಡಬಾರದೆಂಬ ತಿದ್ದುಪಡಿ ಹಾಕಬೇಕು. ಒಳಪುಟದ ಮೂಲೆಯಲ್ಲಿ ಹಾಕಿದರೆ ರೆಸಿಪಿ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವರಿಗೆ ಅದು ತಲುಪುವುದಿಲ್ಲ. ಎರಡನೆಯದಾಗಿ, ಆಕಳು ಆಡುಗಳ ಬಗ್ಗೆ ತಾವು ಪ್ರಕಟಿಸುವ ಪಶುವೈದ್ಯರ ಅಂಕಣದಲ್ಲಿ ತಿಂಗಳಿಗೊಮ್ಮೆಯಾದರೂ ಬೆಕ್ಕಿನ ಆಹಾರ, ರೇಬಿಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆಗಳ ಕುರಿತು ಕನ್ನಡದಲ್ಲಿ ಬರೆಸಬೇಕು. ಈ ವಿಷಯಗಳು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ನಮ್ಮ ವಯಸ್ಸಿನ ಹೆಂಗಸರೇ ಇಲ್ಲಿ ಅಡುಗೆ ಮಾಡುವವರು, ಬೆಕ್ಕಿಗೆ ಅನ್ನ ಹಾಕುವವರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ಬೇಳ, ಕಾಸರಗೋಡು ಜಿಲ್ಲೆ