ಬೋರ್‌ವೆಲ್ ಲಾರಿಗೂ ಒಂದು ರಿಜಿಸ್ಟರ್ ಇರಲಿ

ಮಾನ್ಯ ಸಂಪಾದಕರೇ,

ತೈಲಕ್ಷೇತ್ರಗಳಲ್ಲಿ ರಿಗ್‌ಗಳು (ಬಾವಿ ಕೊರೆಯುವ ಯಂತ್ರಗಳು) ಅಡ್ಡಕ್ಕೆ ಬಾವಿ ಕೊರೆಯುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅಡ್ಡ ಬಾವಿ ಅಂದರೆ ಹೊಸ ಕಾಲದ ಬೆರಗು ಎಂಬ ಧಾಟಿ ಕಾಸರಗೋಡಿನವರಿಗೆ ಸ್ವಲ್ಪ ತಮಾಷೆ ಅನಿಸುತ್ತದೆ. ಬಾಯಾರು, ಶೇಣಿ, ಪೆರ್ಲದ ಕಡೆ ಗುಡ್ಡದ ಬುಡದಲ್ಲಿ ಅಜ್ಜಂದಿರು ನೀರಿಗಾಗಿ ಅಡ್ಡಕ್ಕೆ ತೋಡಿದ ಸುರಂಗಗಳು ಮತ್ತೇನು?

ಎರಡರ ಲೆಕ್ಕಾಚಾರವೂ ಒಂದೇ. ಎಣ್ಣೆಯ ಪದರ ತೆಳುವಾಗಿದ್ದರೆ ನೇರ ಬಾವಿ ಅದನ್ನು ಕೆಲವೇ ಮೀಟರ್ ಮುಟ್ಟಿ ದಾಟಿಬಿಡುತ್ತದೆ. ಜೋರಾಗಿ ಎಳೆದರೆ ಅಡಿಯ ನೀರು ಮೇಲೆದ್ದು ಬರುತ್ತದೆ. ಅದಕ್ಕೇ ಬಾವಿಯನ್ನು ಮೆಲ್ಲಗೆ ಬಾಗಿಸಿ ಪದರದೊಳಗೇ ನೂರಾರು ಮೀಟರ್ ಸಾಗಿಸುತ್ತಾರೆ. 1974ರಲ್ಲಿ 'ಸಾಗರ್ ಸಮ್ರಾಟ್' ರಿಗ್‌ಗೆ ಎಣ್ಣೆ ಸಿಕ್ಕಿದ, ಮುಂಬೈ ಆಚೆಯ ಸಮುದ್ರದ ಬಾಂಬೆ ಹೈ ತೈಲಕ್ಷೇತ್ರದಲ್ಲೂ ಆಮೇಲೆ ಇಂಥ ಬಾವಿಗಳು ಬಂದವು. ನಮ್ಮಲ್ಲಿ ಮಳೆನೀರು ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಇಂಗಿ ಜೇಡಿಮಣ್ಣಿನ ಮೇಲೆ ನಿಲ್ಲುತ್ತದೆ. ಸುರಂಗ ಆ ಮಟ್ಟಕ್ಕೇ ಹೋಗುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಗುಡ್ಡ ಕೊಟ್ಟಷ್ಟೇ ನೀರು. ಗಡಿಯಾಚೆ ಕರ್ನಾಟಕದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಸುರಂಗ ತೋಡಿ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀಯೂ ಬಂತು.

ಸುರಂಗದ ಹೊಗಳಿಕೆ ಸಾಕು. ತೈಲದವರಿಂದ ನಾವು ಕಲಿಯಬೇಕಾದ್ದು ಲೆಕ್ಕ ಇಡುವುದನ್ನು. ಅಲ್ಲಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರನ್ನು ಬಿಡದೆ ಪರೀಕ್ಷಿಸಿ ಎಷ್ಟು ಆಳದಲ್ಲಿ ಯಾವ ಕಲ್ಲು ಎಂದು ಬರೆದಿಡುತ್ತಾರೆ. ಎಣ್ಣೆ ಸಿಗದ ಬಾವಿಯ ದಾಖಲೆಯನ್ನೂ ಎಸೆಯುವುದಿಲ್ಲ. ಇಂಥ ಮಾಹಿತಿಗೆಂದೇ ಕೇಂದ್ರ ಸರಕಾರ 2017ರಲ್ಲಿ ನ್ಯಾಷನಲ್ ಡೇಟಾ ರೆಪಾಸಿಟರಿ ಎಂಬ ಮಾಹಿತಿ ಭಂಡಾರ ಶುರು ಮಾಡಿತು.

ನಮ್ಮಲ್ಲೋ, ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್‌ವೆಲ್ ಲಾರಿ ಸಂಜೆ ಬರುತ್ತದೆ. ರಾತ್ರಿಯಿಡೀ ಸದ್ದು, ಧೂಳು. ಬೆಳಗಾಗುವಾಗ ಬಿಲ್ಲು ಕೈಗಿಟ್ಟು ಹೊರಟಾಯಿತು. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಲ್ಲಿ ನೀರಿನ ಪಸೆ ಕಂಡಿತು, ಒಂದೂ ಬರಹದಲ್ಲಿ ಇರುವುದಿಲ್ಲ. ನೀರು ಬೀಳದಿದ್ದರಂತೂ ಮನೆಯವರು ನಾಚಿಕೆಗೆ ಬಾಯಿಯೇ ಬಿಡುವುದಿಲ್ಲ. ಮುಂದಿನ ವರ್ಷ ಪಕ್ಕದ ತೋಟದವರು ಅದೇ ಒಣ ಬಂಡೆಗೆ ಮತ್ತೆ ಲಕ್ಷ ಸುರಿಯುತ್ತಾರೆ. ಕೇಸಿಂಗ್ (ಬೋರಿನ ಮೇಲ್ಭಾಗಕ್ಕೆ ಹಾಕುವ ಪೈಪು) ಸರಿಯಾಗಿ ಇಳಿಸದಿದ್ದರೆ ಮುರಕಲ್ಲಿನ ನೀರು ಬೋರಿನೊಳಗೆ ಸೋರಿ ಆಳಕ್ಕೆ ಹೋಗಬಹುದು. ಆಗ ಕೆಳಗಿನ ಸುರಂಗದ ಗತಿ? ಕಾಸರಗೋಡು ಬ್ಲಾಕಿನ ಅಂತರ್ಜಲ ಅಪಾಯದ ಮಟ್ಟದಲ್ಲಿದೆ ಎಂದು 2017ರ ಸರಕಾರಿ ಪಟ್ಟಿಯಲ್ಲೇ ಬಂದಿತ್ತು. ಕೇರಳದಲ್ಲಿ 2002ರ ಅಂತರ್ಜಲ ಕಾನೂನೂ ಇದೆ.

ಪಂಚಾಯತುಗಳು ಒಂದು ರಿಜಿಸ್ಟರ್ ಇಟ್ಟರೆ ಸಾಕು. ಸರ್ವೆ ನಂಬರ್, ಆಳ, ಕೇಸಿಂಗ್ ಎಷ್ಟು ಅಡಿ, ನೀರು ಎಲ್ಲಿ ಸಿಕ್ಕಿತು ಅಥವಾ ಸಿಗಲೇ ಇಲ್ಲ. ರಿಗ್‌ನವರ ಸಹಿ ಬೀಳದೆ ಲಾರಿ ಊರು ಬಿಡಬಾರದು. ಸುತ್ತಲಿನ ಸುರಂಗಗಳನ್ನೂ ಅದರಲ್ಲೇ ಗುರುತಿಸಲಿ. ಫಾರಂ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ (ಇದನ್ನು ಪ್ರತಿ ಸಲವೂ ಕೇಳಬೇಕಲ್ವಾ!). ಬೇಸಿಗೆ ಬಂದರೆ ಲಾರಿಗಳ ಸಾಲು ಶುರು. ಎಣ್ಮಕಜೆ, ಪೈವಳಿಕೆ ಪಂಚಾಯತಿನವರು ಅದಕ್ಕೆ ಮೊದಲೇ ಒಂದು ಠರಾವು ಮಾಡಲಿ.

ಇತಿ,
ಓರ್ವ ಅಡಿಕೆ ಕೃಷಿಕ, ಪೆರ್ಲ