ಹಸಿರು ಬಳಿದರೆ ಸೇತುವೆ ಗಟ್ಟಿಯಾಗುವುದಿಲ್ಲ: ಸಚಿವರಿಗೊಂದು ಬಹಿರಂಗ ಪತ್ರ

ಸೇತುವೆ, ಅಣೆಕಟ್ಟುಗಳ ಹೊಣೆ ಹೊತ್ತಿರುವ ಮಾನ್ಯ ಸಚಿವರೇ,

ನಮಸ್ಕಾರ. ಇದು ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ಬಂದದ್ದು ಒಂದೇ ಸಾಲಿನ ಉತ್ತರ: ‘ಅಗತ್ಯ ಕ್ರಮಕ್ಕಾಗಿ ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ.’ ಆ ವಿಭಾಗ ಎಲ್ಲಿದೆ ಎಂದು ಪತ್ತೆಹಚ್ಚಲೂ ಉಪಗ್ರಹವೇ ಬೇಕೇನೋ. ಅದಕ್ಕೇ ಈ ಸಲ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇವೆ.

ಬೇಡಿಕೆ ಒಂದೇ. ಸೇತುವೆಗಳ ಚಲನೆಯನ್ನು ಉಪಗ್ರಹದಿಂದ ಅಳೆಯುವ ರೇಡಾರ್ ಸಮೀಕ್ಷೆಯ ಬಣ್ಣದ ನಕ್ಷೆ ಬೇಡ, ಅದರ ಹಿಂದಿರುವ ಪ್ರತಿ ಚುಕ್ಕಿಯ ಲೆಕ್ಕ ಕೊಡಿ. ಯಾವ ದಿನ ಎಷ್ಟು ಮಿಲಿಮೀಟರ್, ಯಾವ ದಿಕ್ಕಿನಿಂದ ನೋಡಿದ್ದು, ಯಾವ ಜಾಗಕ್ಕೆ ಹೋಲಿಸಿದ್ದು. ಅಷ್ಟೇ.

ತಮ್ಮ ಇಲಾಖೆ ಒಪ್ಪಿ ಸಹಿ ಹಾಕಿದ ವರದಿಯೊಂದನ್ನು ಓದಿಯೇ ಈ ಪತ್ರ ಬರೆಯುವ ಹಾಗಾಯಿತು. ಪೂರ್ವದಿಂದ ಪಶ್ಚಿಮಕ್ಕೆ ಹಾಯ್ದ, ಮೂರು ಅಂಕಣದ (ಕಂಬದಿಂದ ಕಂಬಕ್ಕೆ ಒಂದು ಅಂಕಣ), ಹೊಳೆಯ ಮೇಲಿನ ಸೇತುವೆ. ನಕ್ಷೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಸಿರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಚಲನೆ ಕಂಡುಬಂದಿಲ್ಲ, ರಚನೆ ಸುರಕ್ಷಿತ’. ಅನುಬಂಧ ತೆರೆದರೆ ಇಡೀ ಸೇತುವೆಗೆ ಸಿಕ್ಕ ಅಳತೆಯ ಚುಕ್ಕಿಗಳು 11. ಹನ್ನೊಂದೂ ಎರಡು ದಡದ ಹತ್ತಿರ. ನಡುವಣ ಅಂಕಣದಲ್ಲಿ ಒಂದೂ ಇಲ್ಲ. ನಡುವೆ ಕಂಡ ಹಸಿರು ಅಳೆದದ್ದಲ್ಲ. ಅತ್ತಿತ್ತಲಿನ ಚುಕ್ಕಿಗಳನ್ನು ನೋಡಿ ಸಾಫ್ಟ್‌ವೇರ್ ಎಳೆದು ತುಂಬಿದ ಬಣ್ಣ. ಎರಡು ದಡ ನೋಡಿ ಹೊಳೆಯ ಆಳ ಹೇಳಿದ ಹಾಗಾಯಿತು.

ಇದು ಹೇಗಾಗುತ್ತದೆ ಎಂಬುದು ತಮ್ಮ ತಾಂತ್ರಿಕ ಸಲಹೆಗಾರರಿಗೆ ಗೊತ್ತಿಲ್ಲದ್ದೇನಲ್ಲ. ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ, ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಆ ಚಿತ್ರದ ಒಂದು ಚೌಕ (ಪಿಕ್ಸೆಲ್) ನೆಲದ ಮೇಲೆ ಸುಮಾರು 5 ಮೀಟರ್‌ಗೆ 20 ಮೀಟರ್. ಕಿರಿದಾದ ಸೇತುವೆಯ ಅಗಲ ಇದರಲ್ಲಿ ಒಂದೋ ಎರಡೋ ಚೌಕ. ನುಣ್ಣನೆಯ ಡಾಂಬರು ರೇಡಾರ್ ಅಲೆಯನ್ನು ಆಚೆಗೆ ಚಿಮ್ಮಿಸಿಬಿಡುತ್ತದೆ, ಉಪಗ್ರಹಕ್ಕೆ ಏನೂ ಮರಳುವುದಿಲ್ಲ. ಮರಳುವುದು ಅಂಚಿನ ತಡೆಗೋಡೆ, ದೀಪದ ಕಂಬ, ಕಬ್ಬಿಣದ ಮೂಲೆಗಳಿಂದ. ಕೆಳಗೆ ನೀರಿದ್ದರೆ ಅಲೆ ಸೇತುವೆಗೂ ನೀರಿಗೂ ನಡುವೆ ಪುಟಿದು, ಒಂದೇ ಸೇತುವೆ ಚಿತ್ರದಲ್ಲಿ ಎರಡು ಮೂರು ಗೆರೆಗಳಾಗಿ ಕಾಣುತ್ತದೆ. ಯಾವ ಗೆರೆ ನಿಜವಾದ ಡೆಕ್ (ವಾಹನ ಓಡುವ ಹಾಸು) ಎಂದು ಎತ್ತರದ ಲೆಕ್ಕ ಹಾಕಿ ಬಿಡಿಸಬೇಕು. ವರದಿಯಲ್ಲಿ ಆ ಮಾತೇ ಇಲ್ಲ.

ಇನ್ನು ಹೋಲಿಕೆಯ ಬಿಂದು. ಇನ್‌ಸಾರ್‌ನಲ್ಲಿ, ಎಂದರೆ ಬೇರೆ ಬೇರೆ ದಿನದ ರೇಡಾರ್ ಚಿತ್ರ ಹೋಲಿಸಿ ಚಲನೆ ಅಳೆಯುವ ಈ ವಿಧಾನದಲ್ಲಿ, ಎಲ್ಲ ಅಳತೆಯೂ ಒಂದು ಬಿಂದುವಿಗೆ ಹೋಲಿಸಿದ್ದು. ಆ ಬಿಂದು ಕುಸಿಯುತ್ತಿದ್ದರೆ, ಅದರ ಜೊತೆಯಲ್ಲೇ ಕುಸಿಯುವುದೆಲ್ಲ ನಿಶ್ಚಲವಾಗಿ ಕಾಣುತ್ತದೆ. ಗಟ್ಟಿ ಬಂಡೆಯ ಮೇಲೋ, ಲೆವೆಲಿಂಗ್ ಮಾಡಿ (ಸ್ಥಳದಲ್ಲೇ ಉಪಕರಣದಿಂದ ಎತ್ತರ ಅಳೆದು) ಖಚಿತಪಡಿಸಿದ ಗುರುತಿನ ಮೇಲೋ ಅದನ್ನು ಇಡಬೇಕು. ಈ ವರದಿಯಲ್ಲಿ ಅದು ಕೂತಿರುವುದು ಸೇತುವೆಗೆ ಹತ್ತುವ ರಸ್ತೆಯ ಏರಿಯ ಮೇಲೆ. ಹೊರಗಿನಿಂದ ತಂದು ಸುರಿದ ಮಣ್ಣು, ಸ್ವಾಮಿ! ಮೊದಲು ಕುಸಿಯುವುದೇ ಅದು.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬಿಸಿಲಿನ ಲೆಕ್ಕ. ಕಾಂಕ್ರೀಟು, ಉಕ್ಕು ಎರಡೂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತವೆ. 100 ಮೀಟರ್ ಉದ್ದದ ಡೆಕ್ಕಿಗೆ 20 ಡಿಗ್ರಿ ವ್ಯತ್ಯಾಸವಾದರೆ ಜಾರುವ ತುದಿಯಲ್ಲಿ 24 ಮಿ.ಮೀ. ಉಪಗ್ರಹ ಓರೆಯಾಗಿ ನೋಡುವುದರಿಂದ, ಪೂರ್ವ-ಪಶ್ಚಿಮದ ಸೇತುವೆಯಲ್ಲಿ ಅದಕ್ಕೆ ಕಾಣುವುದು ಸುಮಾರು 15 ಮಿ.ಮೀ. ಅದೇ ಸೇತುವೆ ಉತ್ತರ-ದಕ್ಷಿಣವಾಗಿದ್ದರೆ ಈ ಹಿಗ್ಗುವಿಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ, ಏಕೆಂದರೆ ಉಪಗ್ರಹ ಸಾಗುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ನೋಡುವುದು ಪಕ್ಕಕ್ಕೆ. ಆದ್ದರಿಂದ ಪೂರ್ವ-ಪಶ್ಚಿಮದ ಈ ಸೇತುವೆಯ ಜಾರುವ ತುದಿಯ ಚುಕ್ಕಿಗಳು ವರ್ಷಕ್ಕೊಮ್ಮೆ ಉಯ್ಯಾಲೆಯಂತೆ ತೂಗಲೇಬೇಕಿತ್ತು. ತೂಗಿಲ್ಲ. ಗೆರೆ ನೇರವಾಗಿದೆ. ವರದಿ ಅದನ್ನೇ ‘ಸ್ಥಿರ’ ಎಂದು ಕರೆದು ಹಸಿರು ಬಳಿದಿದೆ.

ಬೇಸಿಗೆಯಲ್ಲಿ ಹಿಗ್ಗಬೇಕಾದ ತುದಿ ಹಿಗ್ಗದೆ ನಿಂತರೆ, ಡೆಕ್ಕನ್ನು ಹೊತ್ತು ಜಾರಲು ಬಿಡುವ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು, ಇಲ್ಲವೇ ಹಿಗ್ಗಲೆಂದು ಬಿಟ್ಟ ಸಂದಿಯಲ್ಲಿ (ಎಕ್ಸ್‌ಪಾನ್ಶನ್ ಜಾಯಿಂಟ್) ಕಲ್ಲುಮಣ್ಣು ತುಂಬಿ ಗಟ್ಟಿಯಾಗಿರಬಹುದು. ಹೊರಬರಲು ದಾರಿಯಿಲ್ಲದ ಆ ಒತ್ತಡ ಕಂಬದ ತಲೆಗೆ, ದಡದ ಗೋಡೆಗೆ ಹೋಗುತ್ತದೆ. ಅಥವಾ ವರದಿ ಮಾಡಿದವರು ಋತುಮಾನದ ಏರಿಳಿತವನ್ನು ಕಸವೆಂದು ಸೋಸಿ ಎಸೆದಿರಬಹುದು. ಎರಡರಲ್ಲಿ ಯಾವುದು? ಚುಕ್ಕಿಗಳ ಲೆಕ್ಕ ಕೊಟ್ಟರೆ ಅರ್ಧ ಗಂಟೆಯಲ್ಲಿ ಹೇಳಬಹುದು. ಕೊಡದಿದ್ದರೆ ಯಾರೂ ಹೇಳಲಾರರು.

ಚುಕ್ಕಿ ಸಿಗದ ಖಾಲಿ ಜಾಗಗಳ ಪಟ್ಟಿಯನ್ನೂ ಕೊಡಿ. ಸೆಂಟಿನೆಲ್‌ನ ತರಂಗಾಂತರ ಸುಮಾರು 5.6 ಸೆಂ.ಮೀ. ಅಲೆ ಹೋಗಿ ಬರುವುದರಿಂದ 2.8 ಸೆಂ.ಮೀ. ಸರಿದರೆ ಅಲೆಯ ಒಂದು ಸುತ್ತು ಮುಗಿದು ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎರಡು ಚಿತ್ರಗಳ ನಡುವಿನ 12 ದಿನಗಳಲ್ಲಿ ಅಕ್ಕಪಕ್ಕದ ಚುಕ್ಕಿಗಳ ವ್ಯತ್ಯಾಸ 1.4 ಸೆಂ.ಮೀ. ದಾಟಿದರೆ ಮುಂದೆ ಹೋಯಿತೋ ಹಿಂದೆ ಬಂತೋ ಎಂದು ಲೆಕ್ಕ ತಪ್ಪುತ್ತದೆ. ಅಂಥ ಚುಕ್ಕಿಗಳನ್ನು ಸಾಫ್ಟ್‌ವೇರ್ ‘ನಂಬಿಕೆಗೆ ಅರ್ಹವಲ್ಲ’ ಎಂದು ಕೈಬಿಡುತ್ತದೆ. ಎಂದರೆ ತುಂಬ ವೇಗವಾಗಿ ಜರುಗುವ ಜಾಗವೇ ನಕ್ಷೆಯಿಂದ ಮಾಯ! ಹಿಂದಿನ ವರ್ಷ ಚುಕ್ಕಿ ಇದ್ದು ಈ ವರ್ಷ ಇಲ್ಲವೆಂದರೆ, ಮೊದಲು ಅಲ್ಲಿಗೆ ಜನ ಕಳಿಸಬೇಕು.

ರೇಡಾರ್ ಎಲ್ಲವನ್ನೂ ಹೇಳುತ್ತದೆ ಎಂಬ ಭ್ರಮೆ ನಮಗಿಲ್ಲ. 2018ರ ಆಗಸ್ಟ್ 14ರಂದು ಇಟಲಿಯ ಜಿನೋವಾದಲ್ಲಿ ಮೊರಾಂಡಿ ಸೇತುವೆ ಬಿದ್ದು 43 ಜನ ಸತ್ತರು. ಕುಸಿತಕ್ಕೆ ಮೊದಲೇ ಡೆಕ್ಕಿನಲ್ಲಿ ಚಲನೆ ಕಾಣುತ್ತಿತ್ತು ಎಂದು 2019ರಲ್ಲಿ ಒಂದು ತಂಡ ಬರೆಯಿತು. ಮರುವರ್ಷ ಮತ್ತೊಂದು ತಂಡ ಉಪಗ್ರಹ ದತ್ತಾಂಶವನ್ನು ಮರುಪರಿಶೀಲಿಸಿ, ಹಾಗೇನೂ ಕಾಣುವುದಿಲ್ಲ ಎಂದು ವಾದಿಸಿತು. ಲೆಕ್ಕ ಬಯಲಲ್ಲಿದ್ದುದರಿಂದ ಆ ಜಗಳ ಸಾಧ್ಯವಾಯಿತು. ನಮ್ಮಲ್ಲಿ ಜಗಳವಾಡಲೂ ಏನೂ ಇಲ್ಲ, ಹಸಿರು ಬಣ್ಣ ಬಿಟ್ಟರೆ. ಉತ್ತರಾಖಂಡದ ಜೋಶಿಮಠ ಪಟ್ಟಣದ್ದು ತಮಗೆ ನೆನಪಿರಬಹುದು: 12 ದಿನಗಳಲ್ಲಿ 5.4 ಸೆಂ.ಮೀ. ಕುಸಿತವೆಂದು 2023ರ ಜನವರಿಯಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹೇಳಿತು, ಆಮೇಲೆ ಆ ವರದಿ ಜಾಲತಾಣದಿಂದ ಇಳಿಯಿತು. ವರದಿ ಇಳಿಸಿದರೆ ನೆಲ ಏರುವುದಿಲ್ಲ. ಯುರೋಪಿನಲ್ಲಿ 2022ರಿಂದ ಖಂಡದ ಬಹುಭಾಗದ ನೆಲದ ಚಲನೆಯನ್ನು ಚುಕ್ಕಿ ಚುಕ್ಕಿಯಾಗಿ ಪುಕ್ಕಟೆ ಪ್ರಕಟಿಸುತ್ತಿದ್ದಾರೆ. ತನ್ನ ಮನೆಯ ಮೇಲಿನ ಚುಕ್ಕಿ ಒತ್ತಿ ಯಾರು ಬೇಕಾದರೂ ನೋಡಬಹುದು. ಜನ ಗಾಬರಿಬಿದ್ದು ಊರು ಬಿಟ್ಟು ಓಡಿಲ್ಲ.

ಮುಂದಿನ ಟೆಂಡರಿನಲ್ಲಿ ಇಷ್ಟಾದರೂ ಬರೆಯಿಸಿ: ಉಪಗ್ರಹ ಉತ್ತರಕ್ಕೆ ಏರುವ, ದಕ್ಷಿಣಕ್ಕೆ ಇಳಿಯುವ ಎರಡೂ ಪಥದ ಚಿತ್ರಗಳು ಇರಲಿ, ಇಲ್ಲದಿದ್ದರೆ ಕೆಳಗೆ ಕುಸಿದದ್ದನ್ನೂ ಪಕ್ಕಕ್ಕೆ ಸರಿದದ್ದನ್ನೂ ಬೇರ್ಪಡಿಸಲಾಗದು. ಎರಡು ಪೂರ್ಣ ವರ್ಷದ್ದು ಬೇಕು. ಬೇಸಿಗೆಯಲ್ಲಿ ಶುರುಮಾಡಿ ಚಳಿಗಾಲದಲ್ಲಿ ನಿಲ್ಲಿಸಿದರೆ ಚಳಿಯ ಕುಗ್ಗುವಿಕೆಯೇ ಕುಸಿತದಂತೆ ಕಾಣುತ್ತದೆ. ಚುಕ್ಕಿ ಸಿಗದ ಕಂಬದ ತಲೆಯ ಮೇಲೆ ಮೀಟರ್ ಅಂಚಿನ ಅಲ್ಯೂಮಿನಿಯಂ ಮೂಲೆ-ಪ್ರತಿಫಲಕ (ರೇಡಾರ್ ಅಲೆಯನ್ನು ಬಂದ ದಾರಿಗೇ ಮರಳಿಸುವ ಫಲಕ) ಕೂರಿಸಿ, ಪಥಕ್ಕೊಂದರಂತೆ ಎರಡು. ತಳದಲ್ಲಿ ನೀರು ಇಳಿಯಲು ತೂತು ಬಿಡಿಸಿ, ಮಳೆನೀರು ನಿಂತರೆ ಅದು ಕುರುಡಾಗುತ್ತದೆ. ಹಕ್ಕಿ ಗೂಡು ಕಟ್ಟೀತು, ವರ್ಷಕ್ಕೆರಡು ಸಲ ಯಾರಾದರೂ ಹೋಗಿ ನೋಡಲಿ. ಹುಲ್ಲು ಬೆಳೆದ ಮಣ್ಣಿನ ಅಣೆಕಟ್ಟಿಗೆ 24 ಸೆಂ.ಮೀ. ತರಂಗಾಂತರದ ರೇಡಾರ್ ವಾಸಿ. 2025ರ ಜುಲೈ 30ರಂದು ಹಾರಿಸಿದ, ನಾಸಾ-ಇಸ್ರೋ ಜಂಟಿಯಾಗಿ ಕಟ್ಟಿದ ನೈಸಾರ್ ಉಪಗ್ರಹದಲ್ಲಿ ಅದೇ ಇದೆ. ಎಷ್ಟು ಮಿಲಿಮೀಟರ್ ದಾಟಿದರೆ ಯಾರು ಸ್ಥಳಕ್ಕೆ ಹೋಗಬೇಕು, ಎಷ್ಟು ದಾಟಿದರೆ ಭಾರೀ ವಾಹನ ನಿಲ್ಲಿಸಬೇಕು ಎಂಬುದನ್ನು ಹುದ್ದೆಯ ಸಮೇತ ಮೊದಲೇ ಬರೆದಿಡಿ.

ಇದೆಲ್ಲ ಮುಂದಿನ ಟೆಂಡರಿನ ಮಾತು. ಈಗಿನ ಸೇತುವೆಯ ಚುಕ್ಕಿಗಳ ಲೆಕ್ಕ ಈಗ ಕೊಡಿ. ಫೈಲು ದೊಡ್ಡದು, ಕಳಿಸಲು ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಹನ್ನೊಂದು ಚುಕ್ಕಿ, ಚುಕ್ಕಿಗೆ ಅರವತ್ತು ತಾರೀಕು. ತಮ್ಮ ಕಚೇರಿ ಕಳಿಸುವ ಹಬ್ಬದ ಶುಭಾಶಯದ ಚಿತ್ರಕ್ಕಿಂತ ಅದು ಚಿಕ್ಕದು.

ಇಂತಿ,
ರೇಡಾರ್ ಚಿತ್ರ ಓದುವ ಕೆಲವು ಎಂಜಿನಿಯರುಗಳು